ಮತದಾರರ ಪಟ್ಟಿಗೆ ಮರಳಿದ ವರ್ಷ

2023ರ ಮೇ 10ರ ಬುಧವಾರ, ವಿಧಾನಸಭಾ ಚುನಾವಣೆಯ ದಿನ ಬೆಳಿಗ್ಗೆ, ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಳೆಯ ಮತಗಟ್ಟೆಯ ಮುಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದೆ. ಮತದಾರರ ಗುರುತಿನ ಚೀಟಿಯನ್ನು ಮೇಜಿನ ಮೇಲೆ ಇಟ್ಟಾಗ, ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದ ಸಿಬ್ಬಂದಿ ಎರಡು ಸಲ ಪುಟ ತಿರುವಿ, ‘ಬಾಯಿ, ನಿಮ್ಮ ಹೆಸರು ತೆಗೆದುಹಾಕಿದ್ದಾರೆ’ ಎಂದರು. ಚೀಟಿ ನನ್ನ ಕೈಯಲ್ಲೇ ಇದೆಯಲ್ಲ ಎಂದು ನಾನು ವಾದಿಸಿದೆ. ಚೀಟಿ ಇರುವುದು ನೀವು ಯಾರೆಂದು ತೋರಿಸಲಿಕ್ಕೆ, ಮತ ಹಾಕುವ ಹಕ್ಕು ಇರುವುದು ಪಟ್ಟಿಯಲ್ಲಿ ಎಂದು ಅವರು ಸಮಾಧಾನದಿಂದಲೇ ತಿಳಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ಅದು ಸರಿ ಎಂಬುದು ನನಗೆ ನಲವತ್ತಾರನೆಯ ವಯಸ್ಸಿನಲ್ಲಿ, ಅಲ್ಲಿ ನಿಂತಾಗಲೇ ಗೊತ್ತಾಯಿತು.

ನಡೆದದ್ದು ಇಷ್ಟು. ನಾವು 2021ರಲ್ಲಿ ಕೋಡಿಬಾಗದ ಬಾಡಿಗೆ ಮನೆ ಬಿಟ್ಟು ಕಾಳಿ ಸೇತುವೆಯ ಆಚೆ, ಸದಾಶಿವಗಡದ ಕಡೆ, ಮಾವನವರ ಪಾಲಿಗೆ ಬಂದ ಮನೆಗೆ ಹೋದೆವು. ಪಡಿತರ ಚೀಟಿಯ ವಿಳಾಸ ಬದಲಿಸಿದೆವು, ಗ್ಯಾಸಿನದು, ಬ್ಯಾಂಕಿನದು, ಇಗರ್ಜಿಯ (ಚರ್ಚಿನ) ಕುಟುಂಬ ಪುಸ್ತಕದ್ದು ಎಲ್ಲವನ್ನೂ ಬದಲಿಸಿದೆವು. ಮತದಾರರ ಪಟ್ಟಿಯದು ಮಾತ್ರ ನೆನಪಿಗೇ ಬರಲಿಲ್ಲ. ಮನೆಮನೆ ಪರಿಶೀಲನೆಗೆ ಬಂದವರಿಗೆ ಹಳೆಯ ಮನೆಯಲ್ಲಿ ಬೇರೆ ಕುಟುಂಬ ಕಂಡಿದೆ; ‘ಸ್ಥಳಾಂತರ’ ಎಂಬ ಕಾರಣದಿಂದ ನನ್ನ, ನನ್ನ ಯಜಮಾನರ ಮತ್ತು ನಾವೆಲ್ಲ ಮಾಂಯ್ ಎಂದು ಕರೆಯುವ ನನ್ನ ಅತ್ತೆಯವರ ಹೆಸರುಗಳು ಅಲ್ಲಿಂದ ಹೋಗಿವೆ. ನೋಟಿಸು ಬಂದಿದ್ದರೂ ಅದು ಹಳೆಯ ಬಾಗಿಲಿಗೇ ಬಂದಿರಬೇಕು. ಹೊಸ ಕಡೆಯ ಪಟ್ಟಿಯಲ್ಲಿ ನಾವಾಗಿ ಸೇರದೆ ಹೆಸರು ಬರುವುದಿಲ್ಲ. ಹೀಗೆ ನದಿಯ ಎರಡು ದಡದಲ್ಲಿಯೂ ಇಲ್ಲದವರಾಗಿ ನಾವು ಎರಡು ವರ್ಷ ಇದ್ದೆವು, ಮತ್ತು ಆ ಎರಡು ವರ್ಷದಲ್ಲಿ ಒಂದು ಸಲವೂ ನಾನು ಪಟ್ಟಿ ನೋಡಿರಲಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ಮುಂದಿನ ಭಾನುವಾರ. ಪೂಜೆ ಮುಗಿದು ಅಂಗಳದಲ್ಲಿ ನಿಂತಾಗ ಎಲ್ಲರ ಎಡಗೈ ತೋರುಬೆರಳಿನ ಮೇಲೂ ಶಾಯಿಯ ಗೆರೆಯಿತ್ತು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ನಾನು ಅದೇ ಇಗರ್ಜಿಯಲ್ಲಿ ಹನ್ನೊಂದು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು. ಕೈಸರನದನ್ನು ಕೈಸರನಿಗೆ, ದೇವರದನ್ನು ದೇವರಿಗೆ ಕೊಡಿ ಎಂಬ ಮತ್ತಾಯನ ಸುವಾರ್ತೆಯ ಮಾತನ್ನು ಎಷ್ಟೋ ತಂಡದ ಮಕ್ಕಳಿಗೆ ನಾಣ್ಯ ತೋರಿಸಿ ವಿವರಿಸಿದವಳು. ನನ್ನ ತರಗತಿಯಿಂದಲೇ ದೃಢೀಕರಣ ಸಂಸ್ಕಾರ ಪಡೆದ ನನ್ನ ಮಗಳು, ಆಗಿನ್ನೂ ಹದಿನೇಳು ವರ್ಷದವಳು, ‘ಮಮ್ಮಿ, ಹಾಗಾದರೆ ನೀನು ಓಟು ಹಾಕಲೇ ಇಲ್ಲವಾ?’ ಎಂದು ಕೇಳಿದಾಗ, ಹಾಕಲು ಆಗಲಿಲ್ಲ ಎಂದು ಹೇಳುವುದಕ್ಕೂ ಹಾಕಲಿಲ್ಲ ಎಂದು ಹೇಳುವುದಕ್ಕೂ ನಡುವೆ ಇದ್ದ ಅಂತರವನ್ನು ನಾನು ಪ್ರಾಮಾಣಿಕವಾಗಿ ಅಳೆಯಬೇಕಾಯಿತು. ಆಗದಂತೆ ಮಾಡಿಕೊಂಡವಳು ನಾನೇ.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ವಾಡೆಯ, ಅಂದರೆ ನಮ್ಮ ಕೇರಿಯ, ಹೆಂಗಸರು ಸಂಜೆ ಒಂದೊಂದು ಮನೆಯಲ್ಲಿ ಸೇರಿ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುತ್ತೇವೆ, ಆಮೇಲೆ ಚಹಾ. ಅಂಥ ಒಂದು ಸಂಜೆ ನಾನು ನನ್ನ ಮೇ ತಿಂಗಳ ಕತೆಯನ್ನು ಎಲ್ಲರ ಮುಂದೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಇನ್ನೂ ನಾಲ್ಕು ಕತೆಗಳು ಬಂದವು. ಒಬ್ಬರ ಉಪನಾಮ ಆಧಾರಿನಲ್ಲಿ ಫರ್ನಾಂಡಿಸ್, ಪಟ್ಟಿಯಲ್ಲಿ ಪರ್ನಾಂಡೀಜ್. ಗಂಡನ ಹೆಸರಿನ ಜಾಗದಲ್ಲಿ ಮನೆಯವರು ಕರೆಯುವ ಹೆಸರು. ಇನ್ನೊಬ್ಬರಿಗೆ ಜನನ ಪ್ರಮಾಣಪತ್ರವೇ ಇಲ್ಲ, ಇರುವುದು ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದ ಪ್ರತಿ ಮಾತ್ರ. ಅದು ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ಮುದ್ರಿಸಿರುವ ವಯಸ್ಸಿನ ದಾಖಲೆಗಳ ಸಾಲಿನಲ್ಲಿಲ್ಲ. ಮೂರನೆಯವರ ಮಗಳು ಮದುವೆಯಾಗಿ ಅಂಕೋಲೆಗೆ ಹೋಗಿ ಆರು ವರ್ಷವಾದರೂ ಹೆಸರು ಇಲ್ಲಿಯೇ ಇದೆ. ನಾಲ್ಕನೆಯವರ ಮಗ ಮಡಗಾಂವದಲ್ಲಿ ಕೆಲಸ ಮಾಡುತ್ತಾ ಅಲ್ಲಿಯೂ ಹೆಸರು ಸೇರಿಸಿಕೊಂಡು ಇಲ್ಲಿಯದನ್ನೂ ಉಳಿಸಿಕೊಂಡಿದ್ದಾನೆ.

ಈ ಕೊನೆಯದರ ಬಗ್ಗೆ ಆ ದಿನ ಬಹಳ ಹೊತ್ತು ಮಾತಾಯಿತು. ಗೋವೆಗೆ ಕೆಲಸಕ್ಕೆ ಹೋಗುವುದು ನಮ್ಮ ಕಡೆಯ ಅರ್ಧ ಮನೆಗಳ ಬದುಕು, ನನ್ನ ಯಜಮಾನರೂ ಅಲ್ಲಿಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದು ಶನಿವಾರ ಮನೆಗೆ ಬರುವವರು. ಎರಡು ಕಡೆ ಹೆಸರಿದ್ದರೂ ಹಾಕುವುದು ಒಂದೇ ಮತ, ಅದರಲ್ಲಿ ತಪ್ಪೇನು ಎಂದು ಆ ತಾಯಿ ಕೇಳಿದರು. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆ ಒಬ್ಬರು ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ನೋಂದಾಯಿಸಿಕೊಳ್ಳುವುದನ್ನೇ ನಿಷೇಧಿಸಿದೆ. ಬೇರೆಲ್ಲಿಯೂ ನನ್ನ ಹೆಸರಿಲ್ಲ ಎಂದು ಸುಳ್ಳು ಘೋಷಣೆಗೆ ಸಹಿ ಮಾಡಿದರೆ ಶಿಕ್ಷೆಯೂ ಇದೆ. ಆದರೆ ನನಗೆ ಅಲ್ಲಿ ಕಾನೂನಿಗಿಂತ ಮೊದಲು ಹೊಳೆದದ್ದು ಎಂಟನೆಯ ಆಜ್ಞೆ. ಸುಳ್ಳು ಸಾಕ್ಷಿ ಹೇಳಬೇಡ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ಮಗ ಸಹಿ ಹಾಕಿದ ಕಾಗದವನ್ನು ಸಣ್ಣದೆಂದು ಬಿಡುವುದು ನನಗೆ ಸರಿಕಾಣಲಿಲ್ಲ. ಅದನ್ನು ಆಕೆಗೆ ಒಬ್ಬಳೇ ಇದ್ದಾಗ ಹೇಳಿದೆ. ಎರಡು ವಾರ ಆಕೆ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ವಾರ, ಇಲ್ಲಿಯ ಹೆಸರನ್ನು ತೆಗೆಸಲು ಬೇಕಾದ ನಮೂನೆ 7 ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಮನೆಗೆ ಬಂದರು.

ನಮ್ಮ ಈ ಹೆಂಗಸರ ಸಂಘದ ಜೊತೆಗಿರುವ ಸನ್ಯಾಸಿನಿ, ನಮ್ಮೆಲ್ಲರ ಸಿಸ್ಟರ್, ಹಿಂದೆ ಹಳಿಯಾಳದ ಕಡೆಯ ಸಿದ್ದಿ ಕ್ರೈಸ್ತ ಕುಟುಂಬಗಳ ನಡುವೆ ಇದ್ದವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಅಲ್ಲಿಯ ತಾಯಂದಿರು ಒಂದೊಂದು ಕಾಗದವನ್ನೂ ಎಷ್ಟು ಜತನದಿಂದ ಮಾಡಿಸಿಕೊಳ್ಳುತ್ತಿದ್ದರೆಂದು ಅವರು ಆಗಾಗ ಹೇಳುತ್ತಾರೆ. ಮುಂದಿನ ಸಭೆಗೆ ಅವರು ಕಥೋಲಿಕ ಧರ್ಮೋಪದೇಶ ಗ್ರಂಥವನ್ನು ತಂದು ಅದರ 2240ನೆಯ ಪರಿಚ್ಛೇದವನ್ನು ಓದಿದರು. ತೆರಿಗೆ ಕೊಡುವುದು, ಮತದಾನದ ಹಕ್ಕನ್ನು ಚಲಾಯಿಸುವುದು, ದೇಶವನ್ನು ರಕ್ಷಿಸುವುದು ಇವು ಸಾರ್ವತ್ರಿಕ ಹಿತಕ್ಕೆ ನಾವೆಲ್ಲ ಜೊತೆಯಾಗಿ ಹೊಣೆಗಾರರು ಎಂಬುದರಿಂದ ಹುಟ್ಟುವ ನೈತಿಕ ಕರ್ತವ್ಯಗಳು ಎಂಬುದು ಅದರ ತಾತ್ಪರ್ಯ. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿಯೇ, ಸ್ವತಂತ್ರವಾಗಿ ಮತ ಹಾಕುವುದು ಪ್ರಜೆಗಳ ಹಕ್ಕಷ್ಟೇ ಅಲ್ಲ, ಕರ್ತವ್ಯವೂ ಹೌದು ಎಂದಿದೆ. ‘ಸ್ವತಂತ್ರವಾಗಿ’ ಎಂಬ ಪದದ ಬಳಿ ಸಿಸ್ಟರ್ ನಿಂತರು. ನಮ್ಮಲ್ಲಿ ಎಷ್ಟು ಜನ ಗಂಡ, ಮೈದುನ ಅಥವಾ ಮಗ ಹೇಳಿದ್ದಕ್ಕಲ್ಲದೆ ಬೇರೆಯದಕ್ಕೆ ಮತ ಹಾಕಿದ್ದೇವೆ ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಅಂದು ಅವರು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಯಿಸಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಸ್ವಂತ ಹೆಸರಿಲ್ಲದ ನಮೂದು ಉಳಿಯುವುದಿಲ್ಲ ಎಂದು ಪಟ್ಟುಹಿಡಿದರು. ಸುಮಾರು 28 ಲಕ್ಷ ಹೆಂಗಸರು ಆ ಚುನಾವಣೆಯಲ್ಲಿ ಪಟ್ಟಿಯಿಂದ ಹೊರಗುಳಿದರು. ತಾಯಿ ಎಂದು ಕರೆಸಿಕೊಳ್ಳುವುದು ನನಗೆ ದೊಡ್ಡ ಗೌರವ. ಆದರೆ ಆ ಪಟ್ಟಿಯ ಮುಂದೆ ‘ಇಂಥವರ ತಾಯಿ’ ಎಂಬುದಕ್ಕೆ ಬೆಲೆಯಿಲ್ಲ, ಅಲ್ಲಿ ದೀಕ್ಷಾಸ್ನಾನದಲ್ಲಿ ಕೊಟ್ಟ ನನ್ನ ಹೆಸರೇ ಬೇಕು ಎಂಬುದು ನನಗೆ ಹೊಸದಾಗಿ ಅರ್ಥವಾಯಿತು.

ಅಕ್ಟೋಬರ್ ಕೊನೆಯಲ್ಲಿ ಕರಡು ಪಟ್ಟಿ ಹೊರಬಿತ್ತು. ಹೊಸಬರಿಗೆ ಮತ್ತು ಹೆಸರು ತೆಗೆದುಹಾಕಲ್ಪಟ್ಟವರಿಗೆ ನಮೂನೆ 6, ವಿಳಾಸ ಬದಲಾವಣೆಗೂ ತಿದ್ದುಪಡಿಗೂ ನಮೂನೆ 8, ಹೆಸರು ತೆಗೆಸಲು ನಮೂನೆ 7. ಇಷ್ಟು ತಿಳಿದರೆ ಮುಕ್ಕಾಲು ಕೆಲಸ ಆದಂತೆ. ನಾವು ಫಾದರ್ ಬಳಿ ಹೋಗಿ, ಭಾನುವಾರ ಪೂಜೆಯ ನಂತರ ಸಭಾಭವನದಲ್ಲಿ ಕುಳಿತು ಅರ್ಜಿ ತುಂಬಿಸಬಹುದೇ ಎಂದು ಕೇಳಿದೆವು. ಅವರು ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು. ಅಲ್ಲಿ ಯಾವ ಪಕ್ಷದ, ಯಾವ ಅಭ್ಯರ್ಥಿಯ ಹೆಸರೂ ಬಾಯಿಗೆ ಬರಕೂಡದು. ಮತ್ತು ಬಾಗಿಲು ಅಕ್ಕಪಕ್ಕದ ಎಲ್ಲರಿಗೂ ತೆರೆದಿರಬೇಕು. ಎರಡನೆಯ ಷರತ್ತಿನಿಂದಾಗಿಯೇ ಆ ಮೂರು ಭಾನುವಾರಗಳು ಚೆನ್ನಾಗಿ ನಡೆದವು. ಮೀನು ಮಾರುವ ಹರಿಕಂತ್ರ ಹೆಂಗಸರು ಬುಟ್ಟಿಯನ್ನು ಗೇಟಿನ ಬಳಿ ಇಟ್ಟು ಬಂದರು, ಎದುರು ಓಣಿಯ ಮುಸ್ಲಿಂ ತಾಯಿ ಮತ್ತು ಸೊಸೆ ಬಂದರು. ನಮ್ಮ ಭಾಗದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವ ಅಂಗನವಾಡಿಯ ಅಕ್ಕೋರು ಒಂದು ಭಾನುವಾರ ತಾವೇ ಬಂದು ಕುಳಿತು, ನಾವು ಮಾಡುತ್ತಿದ್ದ ತಪ್ಪುಗಳನ್ನು ತಿದ್ದಿದರು. ಕನ್ನಡದಲ್ಲಿ ಹೆಸರು ಬರೆಯುವಾಗ ಆಧಾರಿನಲ್ಲಿ ಇರುವಂತೆಯೇ ಬರೆಯಿರಿ, ಚೆಂದ ಮಾಡಲು ಹೋಗಬೇಡಿ ಎಂದು ಅವರು ಹೇಳಿದ್ದು ನಮಗೆ ಬಹಳ ಉಪಯೋಗಕ್ಕೆ ಬಂತು. ಜನನ ಪ್ರಮಾಣಪತ್ರವಿಲ್ಲದ ತಾಯಿಯ ಪ್ರಶ್ನೆಯೂ ಆಧಾರಿನಲ್ಲಿದ್ದ ಹುಟ್ಟಿದ ದಿನಾಂಕದಿಂದ ಬಗೆಹರಿಯಿತು.

ನನ್ನ, ಯಜಮಾನರ ಮತ್ತು ಮಾಂಯ್ ಅವರ ಅರ್ಜಿಗಳ ಜೊತೆಗೆ ನವೆಂಬರಿನಲ್ಲಿ ಹದಿನೆಂಟು ತುಂಬಿದ ಮಗಳ ಅರ್ಜಿಯೂ ಹೋಯಿತು. ಅವಳು ಫೋನಿನ ಆ್ಯಪ್‌ನಲ್ಲಿ ಹತ್ತು ನಿಮಿಷದಲ್ಲಿ ಮುಗಿಸಿದಳು. ನಮ್ಮ ಮೂವರದಕ್ಕೆ ಪರಿಶೀಲನೆಗೆಂದು ಅಕ್ಕೋರು ಎರಡು ಸಲ ಮನೆಗೆ ಬಂದರು. ಜನವರಿಯ ಅಂತಿಮ ಪಟ್ಟಿಯಲ್ಲಿ ನಾಲ್ಕೂ ಹೆಸರುಗಳು ಒಂದರ ಕೆಳಗೊಂದು ಇರುವುದನ್ನು ನೋಡಿದಾಗ ನಾನು ಭಾಗ ಸಂಖ್ಯೆಯನ್ನೂ ಕ್ರಮಸಂಖ್ಯೆಯನ್ನೂ ಪ್ರಾರ್ಥನೆಯ ಪುಸ್ತಕದ ಒಳಬದಿಯಲ್ಲಿ ಬರೆದಿಟ್ಟೆ.

ಹೆಸರು ಬಂತು, ಆದರೆ ಯಾರಿಗೆ, ಯಾವುದನ್ನು ನೋಡಿ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. 2024ರಲ್ಲಿ ಈಸ್ಟರ್‌ಗೆ ಮೊದಲಿನ ತಪಸ್ಸುಕಾಲ ಫೆಬ್ರುವರಿ 14ಕ್ಕೆ ಆರಂಭವಾಗಿತ್ತು, ಲೋಕಸಭಾ ಚುನಾವಣೆಯ ಘೋಷಣೆ ಮಾರ್ಚ್ 16ಕ್ಕೆ ಬಂತು. ಆತ್ಮಪರಿಶೀಲನೆ ಮಾಡುವ ದಿನಗಳಲ್ಲಿಯೇ ಈ ಪ್ರಶ್ನೆ ಬಂದದ್ದು ನನಗೆ ಒಳ್ಳೆಯದೇ ಆಯಿತು. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ನಾವು ಹೆಂಗಸರು ಮೆಟ್ಟಿಲ ಮೇಲೆ ಕುಳಿತು ಮಾತನಾಡುತ್ತಿದ್ದೆವು. ‘ನಮ್ಮವರು’ ಎಂಬ ಮಾತು ಅಲ್ಲಿ ಮೊದಲು ಬಂತು. ಇದೇ ಕೆನರಾ (ಈಗಿನ ಉತ್ತರ ಕನ್ನಡ) ಕ್ಷೇತ್ರದಿಂದ 1952ರಿಂದ ಮೂರು ಚುನಾವಣೆ ಜೋಕಿಂ ಆಳ್ವರು ಗೆದ್ದಿದ್ದರು, 1999ರಲ್ಲಿ ಅವರ ಸೊಸೆ ಮಾರ್ಗರೆಟ್ ಆಳ್ವರು ಗೆದ್ದರು; ಆಗ ನಮಗೊಂದು ದನಿಯಿತ್ತು ಎಂದು ಒಬ್ಬರು ಹೇಳಿದರು. ಅವರ ಮಾತಿನ ಹಿಂದಿನ ಆತಂಕ ಸುಳ್ಳಲ್ಲ. ಮತಾಂತರ ತಡೆ ಕಾಯ್ದೆ 2022ರಲ್ಲಿ ಬಂದಾಗ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡುವುದಕ್ಕೂ ಹಿಂದೆಮುಂದೆ ನೋಡಿದ ತಾಯಂದಿರು ನಮ್ಮಲ್ಲಿದ್ದಾರೆ. ಆಗ ಮಾಂಯ್, 1967ರಲ್ಲಿ ಇದೇ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದ ದಿನಕರ ದೇಸಾಯಿಯವರನ್ನು ನೆನೆದರು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಶಾಲೆ ತಂದವರು ನಮ್ಮ ಇಗರ್ಜಿಯವರಲ್ಲ, ಆದರೆ ನನ್ನ ತಮ್ಮಂದಿರು ಓದಿದ್ದು ಅವರಿಂದ, ಅವರನ್ನು ನಮ್ಮವರಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ ಎಂದರು.

ಇನ್ನೊಬ್ಬ ತಾಯಿ ಆಸ್ಪತ್ರೆಯ ವಿಷಯ ತೆಗೆದರು. ಆಕೆಯ ಮೊಮ್ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದಾಗ ರಾತ್ರೋರಾತ್ರಿ ಗೋವೆಯ ಬಾಂಬೋಳಿಯ ಆಸ್ಪತ್ರೆಗೆ ಒಯ್ಯಬೇಕಾಯಿತು. ಹೃದಯವೋ ತಲೆಯ ಪೆಟ್ಟೋ ಆದರೆ ನಮ್ಮ ಜಿಲ್ಲೆಯವರು ಇಂದಿಗೂ ಬಾಂಬೋಳಿ, ಮಣಿಪಾಲ ಅಥವಾ ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ; ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಇಡೀ ಜಿಲ್ಲೆಯಲ್ಲಿ ಎದ್ದಿತ್ತು. ಜೀವದ ಪಾವಿತ್ರ್ಯವನ್ನು ನಾವು ಗರ್ಭದ ಶಿಶುವಿನಿಂದ ಎಣಿಸುತ್ತೇವೆ, ಅದು ಸರಿ, ಆದರೆ ಹುಟ್ಟಿದ ಮಗುವನ್ನು ಉಳಿಸುವ ಆಂಬುಲೆನ್ಸೂ ಅದರೊಳಗೇ ಬರಬೇಕಲ್ಲವೇ ಎಂದು ಆಕೆ ಕೇಳಿದ ಪ್ರಶ್ನೆ ನನ್ನ ತೀರ್ಮಾನವನ್ನು ಬಹುಮಟ್ಟಿಗೆ ರೂಪಿಸಿತು. ನಮ್ಮ ಭಯವೊಂದನ್ನೇ ಮುಂದಿಟ್ಟುಕೊಂಡು ಮತ ಹಾಕಿದರೆ ಅದು ನಮ್ಮ ಹಿತವಾದೀತು, ಸಾರ್ವತ್ರಿಕ ಹಿತವಾಗಲಾರದು ಎಂದು ನನಗೆ ಅನ್ನಿಸಿತು. ಹಾಗೆಂದು ಆ ಭಯವನ್ನು ಮರೆತುಬಿಡು ಎಂದು ಇನ್ನೊಬ್ಬ ತಾಯಿಗೆ ಹೇಳುವ ಅಧಿಕಾರವೂ ನನಗಿಲ್ಲ. ಮೆಟ್ಟಿಲ ಮೇಲಿನ ಆ ಮಾತುಗಳಲ್ಲಿ ನಾವು ಒಮ್ಮತಕ್ಕೆ ಬರಲಿಲ್ಲ. ಫಾದರ್ ಕೊನೆಯವರೆಗೂ ಯಾರ ಹೆಸರನ್ನೂ ಹೇಳಲಿಲ್ಲ. ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಳ್ಳೆಯ ವಿವೇಕಕ್ಕಾಗಿ ಒಂದು ಕೋರಿಕೆ ಸೇರಿಸಿದರು, ಅಷ್ಟೇ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಚುನಾವಣಾ ಕಾನೂನು ಭ್ರಷ್ಟ ನಡವಳಿಕೆ ಎನ್ನುತ್ತದೆ, ಆರಾಧನೆಯ ಸ್ಥಳದಲ್ಲಿ ಪ್ರಚಾರ ಮಾಡುವುದನ್ನು ಮಾದರಿ ನೀತಿಸಂಹಿತೆ ತಡೆಯುತ್ತದೆ. ಆದರೂ ಅವರ ಮೌನವನ್ನು ನಾನು ಕಾನೂನಿನ ಅಂಜಿಕೆ ಎಂದು ತಿಳಿಯಲಿಲ್ಲ, ನಮ್ಮ ಆತ್ಮಸಾಕ್ಷಿಗೆ ಅವರು ತೋರಿಸಿದ ಗೌರವ ಎಂದು ತಿಳಿದೆ.

ಮಾಂಯ್ ಅವರಿಗೆ ಎಂಬತ್ತೇಳು. 85 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿದ್ದುದರಿಂದ ಅಕ್ಕೋರು ನಮೂನೆ 12ಡಿ ತಂದು ಸಹಿ ಮಾಡಿಸಿಕೊಂಡು ಹೋದರು. ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಚುನಾವಣಾ ಸಿಬ್ಬಂದಿ, ಒಬ್ಬ ಪೊಲೀಸ್ ಮತ್ತು ವಿಡಿಯೊ ಮಾಡುವವರೊಬ್ಬರು ಮನೆಗೆ ಬಂದರು. ನಡುಮನೆಯ ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿದರು. ಮಾಂಯ್ ಮೊದಲ ಮತ ಹಾಕಿದ್ದು 1962ರಲ್ಲಿ, ಮೈಸೂರಿನ ಅಳಿಸಲಾಗದ ಶಾಯಿ ಬಳಕೆಗೆ ಬಂದ ಅದೇ ಚುನಾವಣೆಯಲ್ಲಿ. ಅಂದಿನಿಂದ ಮಾವನವರು ತೀರಿಕೊಳ್ಳುವವರೆಗೂ ಪ್ರತಿ ಸಲ ಮತಗಟ್ಟೆಯ ಅಂಗಳದವರೆಗೆ ಅವರೇ ಜೊತೆಗೆ ನಡೆದು, ಯಾವ ಚಿಹ್ನೆ ಎಂದು ಹೇಳಿ ಒಳಗೆ ಕಳಿಸುತ್ತಿದ್ದರಂತೆ. ಆ ದಿನ ಮಾಂಯ್ ಅವರ ಕಣ್ಣು ಮಂಜೆಂದು ನನ್ನ ನಾದಿನಿ ಸಹಾಯಕ್ಕೆ ಕೂರಲು ಮುಂದಾದರು. ದೃಷ್ಟಿಯಿಲ್ಲದವರಿಗೆ, ಅಶಕ್ತರಿಗೆ ಒಬ್ಬರು ಸಹಾಯಕ್ಕೆ ಇರಬಹುದು ಎಂದು ಅಧಿಕಾರಿಯೂ ಹೇಳಿದರು. ‘ನನಗೆ ಕಾಣುತ್ತದೆ. ಎಲ್ಲರೂ ಹೊರಗೆ ಹೋಗಿ’ ಎಂದರು ಮಾಂಯ್. ನಾವು ಹೋಗಿ ಹಲಸಿನ ಮರದ ಕೆಳಗೆ ನಿಂತೆವು. ಬಹಳ ಹೊತ್ತಾಯಿತು. ಒಳಗಿನಿಂದ ಕರೆ ಬಂದಾಗ ಅವರು ಮಡಚಿದ ಮತಪತ್ರವನ್ನು ತಾವೇ ಲಕೋಟೆಗೆ ಹಾಕಿ, ಅಂಟಿಸಿದ್ದು ಸರಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಮೇ 7ರ ಮಂಗಳವಾರ ನಮ್ಮ ಮತದಾನ. ಗೋವೆಯಲ್ಲಿಯೂ ಅದೇ ದಿನವಿದ್ದುದರಿಂದ ಯಜಮಾನರಿಗೆ ರಜೆ ಸಿಕ್ಕಿ ಹಿಂದಿನ ರಾತ್ರಿಯ ರೈಲಿಗೆ ಬಂದಿದ್ದರು. ಬಿಸಿಲು ಏರುವ ಮೊದಲೇ ನಾವು ಮೂವರೂ ಶಾಲೆಯ ಅಂಗಳದಲ್ಲಿದ್ದೆವು. ಮಗಳು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದಳು. ಅವಳಿಗೆ ಒಂದು ಮಾತು ಹೇಳಬೇಕೆಂಬ ಆಸೆ ಹಿಂದಿನ ಒಂದು ವಾರ ನನ್ನ ನಾಲಿಗೆಯ ತುದಿಯಲ್ಲಿಯೇ ಇತ್ತು. ಮಾವನವರು ಅಂಗಳದವರೆಗೆ ನಡೆದು ಬರುತ್ತಿದ್ದುದನ್ನು ನೆನೆದು ಸುಮ್ಮನಿದ್ದೆ. ಅಭ್ಯರ್ಥಿಗಳು ಸಲ್ಲಿಸಿದ್ದ ಪ್ರಮಾಣಪತ್ರಗಳನ್ನು ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಓದಬಹುದು ಎಂದು ತೋರಿಸಿಕೊಟ್ಟಿದ್ದೆ, ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ನನ್ನ ಸರದಿ ಬಂದಾಗ ಸಿಬ್ಬಂದಿ ಕ್ರಮಸಂಖ್ಯೆಯನ್ನೂ ಹೆಸರನ್ನೂ ಗಟ್ಟಿಯಾಗಿ ಓದಿದರು. ನನ್ನ ಹೆಸರನ್ನು ಅಷ್ಟು ಗಮನವಿಟ್ಟು ನಾನು ಎಂದೂ ಕೇಳಿರಲಿಲ್ಲ. ಗುಂಡಿ ಒತ್ತಿದ ಮೇಲೆ ಮತ ಯಾರಿಗೆ ಬಿತ್ತೆಂದು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತು ಕೆಳಗೆ ಬಿತ್ತು. ಹೊರಗೆ ಮಗಳು ಬೆರಳಿನ ಶಾಯಿ ಆರಲೆಂದು ಕೈ ಬೀಸುತ್ತಾ ನಿಂತಿದ್ದಳು. ಯಾರಿಗೆ ಹಾಕಿದೆ ಎಂದು ಅವಳು ನನ್ನನ್ನು ಕೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ಆಟೊದಲ್ಲಿ ಕುಳಿತ ಮೇಲೆ ಅವಳು ಕೇಳಿದ್ದು ಬೇರೆ: ಅವಳ ಗೆಳತಿಗೆ ಜೂನ್ ತಿಂಗಳಲ್ಲಿ ಹದಿನೆಂಟು ತುಂಬುತ್ತದೆ, ಅವಳು ಮುಂದಿನ ಜನವರಿಯವರೆಗೆ ಕಾಯಬೇಕೇ? ಬೇಡ, ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜುಲೈ 1 ಅವಳಿಗೆ ಸರಿಹೋಗುತ್ತದೆ ಎಂದೆ. ಮನೆ ಮುಟ್ಟುವ ಮೊದಲೇ ಅವಳು ಗೆಳತಿಗೆ ಫೋನು ಮಾಡಿ, ಹತ್ತನೆಯ ತರಗತಿಯ ಅಂಕಪಟ್ಟಿ ಹುಡುಕಿಟ್ಟುಕೊಳ್ಳಲು ಹೇಳುತ್ತಿದ್ದಳು.